ಎಳೆಗೊಂಬಿನ ಗಂಡಿನ ಪಾಲು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಸೆಕ್ಷನ್ ಇತ್ತು. ಲೈಸೆನ್ಸ್ ಪಡೆದವರು ಕೆಲವು ಪ್ರಾಣಿಗಳನ್ನು ಕಾನೂನುಬದ್ಧವಾಗಿಯೇ ಬೇಟೆಯಾಡಬಹುದಾಗಿದ್ದ ಕಾಲ ಅದು. ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ ಇವೆಲ್ಲ ಮೂರನೇ ಅನುಸೂಚಿಯಲ್ಲಿ ‘ದೊಡ್ಡ ಬೇಟೆ’ಯ ಪಟ್ಟಿಗೆ ಸೇರಿದ್ದವು. ಲೈಸೆನ್ಸ್ ಹೊಂದಿದವನು ಕೂಡ ವಿಶೇಷ ಅನುಮತಿಯಿಲ್ಲದೆ ಮೂರು ಬಗೆಯ ಪ್ರಾಣಿಗಳ ಮೇಲೆ ಕೋವಿ ಎತ್ತುವಂತಿಲ್ಲ ಎಂದು ಆ ಸೆಕ್ಷನ್ ಹೇಳುತ್ತಿತ್ತು: ಮರಿ, ಹೆಣ್ಣು, ಮತ್ತು ಕೊಂಬಿನ ಮೇಲೆ ಇನ್ನೂ ಮಖಮಲ್ಲಿನಂಥ ಚರ್ಮ ಹೊದ್ದಿರುವ ಜಿಂಕೆ. 1991ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಲೈಸೆನ್ಸಿನ ಬೇಟೆಯೇ ನಿಂತಾಗ ಈ ಸೆಕ್ಷನ್ನೂ ಹೋಯಿತು. ಯಾರೂ ಅದಕ್ಕಾಗಿ ಅಳಲಿಲ್ಲ. ಬೇಟೆಯೇ ಇಲ್ಲವೆಂದ ಮೇಲೆ ಬೇಟೆಯ ಶಿಷ್ಟಾಚಾರ ಯಾರಿಗೆ ಬೇಕು?

ಆದರೂ ಆ ಮೂರು ಹೆಸರುಗಳನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಮರಿ ಬೇಡ, ಹೆಣ್ಣು ಬೇಡ ಎಂಬುದು ಎಂಥವನಿಗೂ ಅರ್ಥವಾಗುತ್ತದೆ. ಮೂರನೆಯದು ಸ್ವಲ್ಪ ವಿಚಿತ್ರ. ದನದ ಕೊಂಬಿನಂತೆ ಜಿಂಕೆಯ ಕೊಂಬು ಒಮ್ಮೆ ಬಂದು ಉಳಿಯುವಂಥದ್ದಲ್ಲ. ಅದು ಉದುರುತ್ತದೆ, ಮತ್ತೆ ಮೂಡುತ್ತದೆ. ಹೊಸದಾಗಿ ಮೂಡುವಾಗ ಅದರೊಳಗೆ ರಕ್ತ ಹರಿಯುತ್ತಿರುತ್ತದೆ, ಮೇಲೆ ನವಿರು ಕೂದಲಿನ ಚರ್ಮವಿರುತ್ತದೆ. ಬಲಿತ ಮೇಲೆ ಜಿಂಕೆ ಅದನ್ನು ಮರಕ್ಕೆ ಉಜ್ಜಿ ಚರ್ಮ ಕಳಚಿಕೊಳ್ಳುತ್ತದೆ. ಆ ಚರ್ಮ ಇರುವಾಗಲೇ ಹೊಡೆದರೆ ಗೋಡೆಗೆ ಹಾಕುವಂಥ ಕೊಂಬು ಸಿಗುವುದಿಲ್ಲ. ಈ ನಿಷೇಧಕ್ಕೆ ಬೇರೆ ಕಾರಣಗಳನ್ನೂ ಕೊಡಬಹುದೇನೋ. ಆದರೆ ಬೇಟೆಯ ಮೋಜುಗಾರರು ಬಹಳ ಹಿಂದಿನಿಂದ ತಮ್ಮತಮ್ಮಲ್ಲೇ ಪಾಲಿಸಿಕೊಂಡು ಬಂದ ಪದ್ಧತಿ ಇದು. ಕಾನೂನು ಅದನ್ನು ಹಾಗೆಯೇ ಎತ್ತಿಕೊಂಡಿತು. ಮೊದಲೆರಡು ನಿಯಮಗಳು ಕಾಡಿನ ಸಂತಾನಕ್ಕಾಗಿ, ಮೂರನೆಯದು ಮನೆಯ ಗೋಡೆಗಾಗಿ.

ಈ ಮೂರರ ನಡುವೆ ಒಬ್ಬನ ಹೆಸರು ಸರಿಯಾಗಿ ಎಲ್ಲೂ ಬರುವುದಿಲ್ಲ. ಅವನು ಎಳೆಯ ಗಂಡು. ತಾಯಿಯ ಹಾಲು ಬಿಟ್ಟಾಗಿದೆ, ಆದ್ದರಿಂದ ಮರಿಯೆನ್ನಲು ಬರುವುದಿಲ್ಲ. ತಲೆಯ ಮೇಲೆ ಕವಲಿಲ್ಲದ ಎರಡು ಕಡ್ಡಿಗಳಂಥ ಕೊಂಬು ಮೂಡಿವೆ, ಆದರೆ ಹಿಂಡಿನ ಯಜಮಾನನೂ ಅಲ್ಲ. ಇವನು ‘ಮರಿ’ಯೋ ಅಲ್ಲವೋ ಎಂಬುದನ್ನು ಕಾಯ್ದೆ ಬೇಟೆಗಾರನ ಕಣ್ಣಿಗೆ ಬಿಟ್ಟಿತ್ತು. ಇಂಥ ಎಳೆಯ ಗಂಡನ್ನು ಕೊಲ್ಲಬಹುದೇ, ಕಾನೂನು ಇವನನ್ನು ಕಾಯಬೇಕೇ ಎಂಬುದು ಜಿಂಕೆ ಬೇಟೆಗೆ ಅವಕಾಶವಿರುವ ದೇಶಗಳಲ್ಲಿ ದೊಡ್ಡ ಜಗಳದ ವಿಷಯ. ನಮ್ಮಲ್ಲಿ ಬೇಟೆ ನಿಷೇಧವಾಗಿರುವುದರಿಂದ ಇದು ನಮಗೆ ಸಂಬಂಧಿಸಿದ್ದಲ್ಲ ಎನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಕೊಲ್ಲುವುದಕ್ಕೆ ವಯಸ್ಸಿನ ಗೆರೆ ಎಳೆಯುವ ಕೆಲಸವನ್ನು ಮಾಂಸ ತಿನ್ನುವ ನಾವೆಲ್ಲ ದಿನವೂ ಮಾಡುತ್ತೇವೆ. ಆ ಗೆರೆ ಯಾರ ಹಿತಕ್ಕೆ ಎಂಬ ಪ್ರಶ್ನೆ ಮಾತ್ರ ಕೇಳಿಕೊಳ್ಳುವುದಿಲ್ಲ.

ನಮ್ಮ ಸಂತೆಮರಹಳ್ಳಿಯಿಂದ ಮೂಡಣಕ್ಕೆ ನೋಡಿದರೆ ಬಿಳಿಗಿರಿರಂಗನ ಬೆಟ್ಟ. ಈ ಕಡೆಯ ಕಾಡುಗಳಿಗೆ ಬೇಟೆಯ ದೀರ್ಘ ಚರಿತ್ರೆಯಿದೆ. ಮೈಸೂರು ಸಂಸ್ಥಾನದ ನೀರಾವರಿ ಕಾಲುವೆಗಳ ಅಧಿಕಾರಿಯಾಗಿದ್ದ ಜಿ.ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷಿನವನು ಈ ಬೆಟ್ಟದ ತಪ್ಪಲಿನಲ್ಲೇ ಬಂಗಲೆ ಕಟ್ಟಿಕೊಂಡಿದ್ದ. ಆನೆ, ಹುಲಿ, ಕಾಟಿಗಳ ಬೇಟೆಯ ಅನುಭವಗಳನ್ನು ಬರೆದು 1878ರಲ್ಲಿ ಪುಸ್ತಕ ಮಾಡಿದ. ಆಚೆ ಗುಂಡ್ಲುಪೇಟೆಯ ಬಂಡೀಪುರ ಮಹಾರಾಜರ ಬೇಟೆಯ ಕಾಡಾಗಿತ್ತು. 1931ರಲ್ಲಿ ಅದರ 90 ಚದರ ಕಿಲೋಮೀಟರ್ ಭಾಗ ವನ್ಯಧಾಮವಾಯಿತು, 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಮೈಸೂರಿನ ವ್ಯಾನ್ ಇಂಗನ್ ಕುಟುಂಬ ಹುಲಿ ಚರ್ಮ, ಕಡವೆಯ ತಲೆಗಳನ್ನು ಹದಮಾಡಿ ಲೋಕಕ್ಕೆಲ್ಲ ಕಳಿಸುತ್ತಿತ್ತು. ಆ ಕಾರ್ಖಾನೆಯ ಬಾಗಿಲು ಮುಚ್ಚಿದ್ದು 1999ರಲ್ಲಿ. ಕಾಡನ್ನು ಕಾಪಾಡಿದವರೂ ಬೇಟೆಯಾಡಿದವರೂ ಬಹಳ ಕಾಲ ಒಂದೇ ಜನ ಆಗಿದ್ದರು ಎಂಬುದು ಈ ಚರಿತ್ರೆಯ ವಿಶೇಷ. ಬೇಟೆಗೆ ಪ್ರಾಣಿ ಸಾಕಷ್ಟು ಇರಲಿ ಎಂದೇ ಬೇಟೆಯ ನಿಯಮಗಳು ಹುಟ್ಟಿದವು. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆಯ ಪ್ರಾಣಿಗಳ ಮತ್ತು ಮೀನಿನ ಸಂರಕ್ಷಣೆಗೆಂದು ಕಾನೂನು ಮಾಡಿತ್ತು.

ನಾನು ಓದಿದ್ದು ಮೊದಲು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡದಲ್ಲಿ. ಉರ್ದು ಪಾಠದಲ್ಲಿ ಸಬುಕ್ತಗೀನನ ಕಥೆ ಕೇಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಇನ್ನೂ ಗಜ್ನಿಯ ದೊರೆಯಾಗಿರದಿದ್ದ ಅವನು ಬೇಟೆಗೆ ಹೋಗಿ ಜಿಂಕೆ ಮರಿಯೊಂದನ್ನು ಹಿಡಿದು ಕುದುರೆಯ ಮೇಲೆ ಹಾಕಿಕೊಂಡು ಹೊರಡುತ್ತಾನೆ. ತಾಯಿ ಜಿಂಕೆ ಹಿಂದೆಯೇ ಬರುತ್ತದೆ. ಅವನ ಮನಸ್ಸು ಕರಗಿ ಮರಿಯನ್ನು ಬಿಟ್ಟುಬಿಡುತ್ತಾನೆ. ಆ ರಾತ್ರಿ ಕನಸಿನಲ್ಲಿ ಅವನಿಗೆ ರಾಜ್ಯದ ಶುಭವಾರ್ತೆ ಸಿಗುತ್ತದೆ. ಕನ್ನಡ ಶಾಲೆಗೆ ಬಂದರೆ ಪುಣ್ಯಕೋಟಿ. ಅಲ್ಲಿಯೂ ತಾಯಿ, ಅಲ್ಲಿಯೂ ಕರು. ಹದೀಸ್ ಗ್ರಂಥಗಳಿಗೆ ಬಂದರೆ ಅಬೂದಾವೂದರ ಸಂಗ್ರಹದಲ್ಲಿ, ಎರಡು ಮರಿಗಳನ್ನು ಕಳೆದುಕೊಂಡು ರೆಕ್ಕೆ ಬಡಿಯುತ್ತಿದ್ದ ಹಕ್ಕಿಯನ್ನು ಕಂಡ ಪ್ರವಾದಿ(ಸ)ಯವರು ಅದರ ಮರಿಗಳನ್ನು ಅದಕ್ಕೆ ಹಿಂತಿರುಗಿಸಲು ಸಂಗಾತಿಗಳಿಗೆ ಹೇಳಿದ ಪ್ರಸಂಗವಿದೆ. ಅತಿಥಿಗಳಿಗಾಗಿ ಆಡು ಕೊಯ್ಯಲು ಚೂರಿ ಹಿಡಿದು ಹೊರಟ ಅನ್ಸಾರಿಗೆ ‘ಹಾಲು ಕೊಡುವುದನ್ನು ಬಿಡು’ ಎಂಬ ಅರ್ಥದ ಮಾತು ಹೇಳಿದ್ದೂ ವರದಿಯಾಗಿದೆ.

ಈ ಕಥೆಗಳೆಲ್ಲ ನಮ್ಮ ಕರುಣೆಯನ್ನು ಬೆಳೆಸಿವೆ. ಆದರೆ ಎಲ್ಲವೂ ತಾಯಿ ಮತ್ತು ಮಗುವಿನ ಕಥೆಗಳೇ. ಎಳೆಯ ಗಂಡಿನ ಮೇಲೆ ಕಥೆ ಕಟ್ಟಿದವರು ಕಡಿಮೆ. ಅವನು ಸತ್ತರೆ ಹಸಿದು ಅಳುವ ಮರಿಯಿಲ್ಲ. ಅವನ ತಾಯಿ ಅಷ್ಟರಲ್ಲಿ ಬೇರೊಂದು ಮರಿಗೆ ಹಾಲೂಡಿಸುತ್ತಿರುತ್ತಾಳೆ.

ಲೆಕ್ಕಕ್ಕೆ ಬಂದರೂ ಅವನಿಗೆ ಬೆಲೆಯಿಲ್ಲ. ಆಡು ಸಾಕುವವರನ್ನು ಕೇಳಿ. ಕಳೆದ ಬಕ್ರೀದಿಗೆ ಹೋತ ಕೊಳ್ಳಲು ಹೋದಾಗ ನಮ್ಮ ಕಡೆಯ ಕುರಿಗಾಹಿಯೊಬ್ಬರು ಹೇಳಿದ ಮಾತು: ‘ಹೆಣ್ಣ ಕುಯ್ದ್ರೆ ಹಟ್ಟಿ ಹಾಳು ಸಾಬ್ರೇ, ಗಂಡೆಲ್ಲ ಮಡಿಕಂಡ್ರೆ ಮೇವು ಹಾಳು. ಹತ್ತು ಹೆಣ್ಗೆ ಒಂದು ಹೋತ ಸಾಕು ಕನ. ಮಿಕ್ಕಿದ್ದು ನಿಮ್ಗೇಯ.’ ನಾನು ನಕ್ಕೆ, ಅವರೂ ನಕ್ಕರು. ಲೋಕದ ಪಶುಪಾಲನೆಯೆಲ್ಲ ನಿಂತಿರುವುದು ಈ ಲೆಕ್ಕದ ಮೇಲೆ. ಹೋತ, ಟಗರು, ಹುಂಜ, ಹೋರಿಗರು, ಎಳೆಯ ಗಂಡೆಂದರೆ ಹೆಚ್ಚುವರಿ ಎಂದೇ ಅರ್ಥ. ಚುಕ್ಕೆ ಜಿಂಕೆಯಲ್ಲೂ ಒಂದು ಬಲಿತ ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು. ಆದ್ದರಿಂದ ಸಂಖ್ಯೆಯ ದೃಷ್ಟಿಯಿಂದ ಎಳೆಯ ಗಂಡು ಸತ್ತರೆ ಹಿಂಡಿಗೆ ಅಂಥ ನಷ್ಟವಿಲ್ಲ. (ಮನುಷ್ಯರು ಯುದ್ಧಕ್ಕೆ ಯಾರನ್ನು ಕಳಿಸುತ್ತಾರೆ ಎಂಬುದನ್ನು ಓದುಗರು ತಾವೇ ಯೋಚಿಸಬಹುದು.)

ಹಾಗಿದ್ದ ಮೇಲೆ ಬೇಟೆಯ ಕಾನೂನು ಇವನನ್ನು ಕಾಯುವುದೇಕೆ? ಅಮೆರಿಕದಲ್ಲಿ ಇದು ನಡೆದಿದೆ. ಮಿಸಿಸಿಪಿ ರಾಜ್ಯ 1995ರಲ್ಲಿ, ಕೊಂಬಿನಲ್ಲಿ ಕನಿಷ್ಠ ನಾಲ್ಕು ಮೊನೆಗಳಿಲ್ಲದ ಗಂಡು ಜಿಂಕೆಯನ್ನು ಹೊಡೆಯಬಾರದು ಎಂದಿತು. ಪೆನ್ಸಿಲ್ವೇನಿಯ 2002ರಲ್ಲಿ ಇಂಥದೇ ನಿಯಮ ತಂದಿತು. ಅಲ್ಲಿ ಅದಕ್ಕೂ ಮೊದಲು ಗಂಡುಗಳಲ್ಲಿ ಹೆಚ್ಚಿನವು ಒಂದೂವರೆ ವರ್ಷಕ್ಕೇ ಗುಂಡಿಗೆ ಸಿಗುತ್ತಿದ್ದವು, ಬಲಿತ ಗಂಡು ಕಾಣುವುದೇ ಅಪರೂಪವಾಗಿತ್ತು. ನಿಯಮ ಬಂದ ಮೇಲೆ ಬಲಿತವುಗಳ ಸಂಖ್ಯೆ ಹೆಚ್ಚಿತು. ತಮಾಷೆಯೆಂದರೆ ಎಳೆಯ ವಯಸ್ಸಿನ ಬೇಟೆಗಾರರಿಗೆ ಪೆನ್ಸಿಲ್ವೇನಿಯ ಈ ನಿಯಮದಿಂದ ವಿನಾಯಿತಿ ಕೊಟ್ಟಿತು. ಮನುಷ್ಯನ ಮರಿ ಜಿಂಕೆಯ ಮರಿಯನ್ನು ಹೊಡೆಯಬಹುದು!

ಬಲಿತ ಗಂಡುಗಳು ಇಲ್ಲವಾದರೆ ಹಿಂಡಿಗೆ ಕೇಡು ಎಂಬುದರಲ್ಲಿ ನಿಜವಿದೆ. ಮಧ್ಯ ಏಷ್ಯಾದ ಸೈಗಾ ಎಂಬ ಹುಲ್ಲೆಯ ಗಂಡುಗಳನ್ನು ಚೀನಾದ ಔಷಧಿಗೆ ಬೇಕಾಗುವ ಕೊಂಬಿಗಾಗಿ ಬೇಕಾಬಿಟ್ಟಿ ಕೊಂದದ್ದರಿಂದ ಗಂಡುಗಳೇ ಸಾಲದಾಗಿ, ಹೆಣ್ಣುಗಳು ಈಯುವುದೇ ಕುಸಿದುಹೋಯಿತೆಂದು 2003ರಲ್ಲಿ ವಿಜ್ಞಾನಿಗಳು ಬರೆದರು. ಕುರಿಗಾಹಿಯ ‘ಹತ್ತಕ್ಕೊಂದು’ ಲೆಕ್ಕಕ್ಕೂ ಒಂದು ಮಿತಿಯಿದೆ. ಆದರೆ ಕೊಂಬನ್ನು ಅಳೆದು ಎಳೆಯದನ್ನು ಕಾಯುವ ನಿಯಮ ಇನ್ನೊಂದು ಕಡೆ ತಿರುಗಿ ಕಚ್ಚುತ್ತದೆ. ಎಲ್ಲ ಎಳೆಯ ಗಂಡುಗಳಿಗೂ ಒಂದೇ ವೇಗದಲ್ಲಿ ಕೊಂಬು ಬರುವುದಿಲ್ಲ. ಪುಷ್ಟಿಯಾಗಿ ಬೆಳೆದವನಿಗೆ ಬೇಗ ಕವಲೊಡೆಯುತ್ತದೆ. ಅವನು ಬೇಗ ಸಾಯುತ್ತಾನೆ. ಕೊಂಬು ಸಣ್ಣದಿರುವವನು ಬದುಕಿ ಸಂತಾನ ಬೆಳೆಸುತ್ತಾನೆ. ಮಿಸಿಸಿಪಿಯ ಕೆಲವು ಪ್ರದೇಶಗಳಲ್ಲಿ ನಿಯಮ ಬಂದ ಕೆಲವೇ ವರ್ಷಗಳಲ್ಲಿ ಅದೇ ವಯಸ್ಸಿನ ಜಿಂಕೆಗಳ ಕೊಂಬು ಮೊದಲಿಗಿಂತ ಚಿಕ್ಕದಾದದ್ದು ಕಂಡುಬಂತು. ಕೆನಡಾದ ರ‍್ಯಾಮ್ ಮೌಂಟನ್ ಎಂಬಲ್ಲಿ ಕಾಡುಟಗರುಗಳ ಕೊಂಬು 30 ವರ್ಷಗಳ ಬೇಟೆಯಲ್ಲಿ ಕುಗ್ಗುತ್ತ ಬಂದದ್ದನ್ನೂ 2003ರಲ್ಲೇ ಪ್ರಕಟಿಸಿದರು. ಗೋಡೆಗಾಗಿ ಮಾಡಿದ ನಿಯಮ ಗೋಡೆಗೇ ಮೋಸ ಮಾಡಿತು.

ಇಲ್ಲಿಗೆ ವಿಷಯ ಸ್ಪಷ್ಟವಾಗುತ್ತದೆ. ಎಳೆಯ ಗಂಡನ್ನು ಈ ನಿಯಮಗಳು ಕಾಯುವುದು ನಾಳೆ ಕೊಲ್ಲುವುದಕ್ಕಾಗಿ. ಮಾವಿನ ಕಾಯಿಯನ್ನು ಹಣ್ಣಾಗಲಿ ಎಂದು ಬಿಟ್ಟ ಹಾಗೆ. ಮಾವಿನಕಾಯಿಯ ಮೇಲಿನ ದಯೆಯಿಂದ ಯಾರೂ ಹಾಗೆ ಬಿಡುವುದಿಲ್ಲ.

ನಾವು ತೀರ ದೂರ ಹೋಗಬೇಕಿಲ್ಲ. ನಮ್ಮ ಚಾಮರಾಜನಗರ ಜಿಲ್ಲೆ ರೇಷ್ಮೆಯ ಸೀಮೆ, ಸಂತೆಮರಹಳ್ಳಿಯಲ್ಲೂ ರೇಷ್ಮೆಯದೇ ಮಾತು. ಹುಳು ಗೂಡು ಕಟ್ಟಿ ಒಳಗೆ ಕೂತಿದ್ದು ಚಿಟ್ಟೆಯಾಗಿ ಹೊರಬರುವ ಮೊದಲೇ ಅದನ್ನು ಬಿಸಿಯಲ್ಲಿ ಕೊಲ್ಲಬೇಕು. ಚಿಟ್ಟೆ ಗೂಡು ತೂತು ಮಾಡಿದರೆ ನೂಲು ತುಂಡಾಗುತ್ತದೆ. ಬಿತ್ತನೆ ಗೂಡಿನ ಹುಳುವಿಗೆ ಮಾತ್ರ ಚಿಟ್ಟೆಯಾಗುವ ಭಾಗ್ಯ. ಇಲ್ಲಿ ಎಳೆಯದನ್ನು ಕೊಲ್ಲುವುದೇ ಕಸುಬು. ಅಹಿಂಸೆಯ ಬಗ್ಗೆ ಮಾತಾಡುವವರು ರೇಷ್ಮೆ ಪಂಚೆ ಉಟ್ಟು ಮಾತಾಡುವುದನ್ನೂ ನಾವು ಕೇಳಿದ್ದೇವೆ. ಕಾನೂನುಗಳೂ ಹೀಗೆಯೇ. ಜಾನುವಾರು ಹತ್ಯೆಯ ಬಗ್ಗೆ ಕರ್ನಾಟಕದ 1964ರ ಕಾಯ್ದೆ ಎತ್ತು, ಎಮ್ಮೆ, ಕೋಣಗಳಿಗೆ 12 ವರ್ಷದ ಗೆರೆ ಎಳೆದಿತ್ತು. 2020ರ ಕಾಯ್ದೆ ಎಮ್ಮೆ, ಕೋಣಗಳನ್ನಷ್ಟೇ ಹೊರಗಿಟ್ಟು ಗೆರೆಯನ್ನು 13ಕ್ಕೆ ಸರಿಸಿತು. ಆ ಕಾಯ್ದೆಯ ರಾಜಕೀಯ ಇಲ್ಲಿ ಬೇಡ. ಆದರೆ 13 ವರ್ಷವಾದ ಕೋಣಕ್ಕೆ 12 ವರ್ಷದ ಕೋಣಕ್ಕಿಂತ ಸಾವು ಹಗುರವಾಗಿರುತ್ತದೆಯೇ? ಅಲ್ಲಿ ಅಳೆದದ್ದು ನೊಗ ಎಳೆಯುವ, ಹಾಲು ಕರೆಯುವ ಶಕ್ತಿಯನ್ನು. ಜಿಂಕೆಗೆ ಕನಿಷ್ಠ ವಯಸ್ಸು, ಕೋಣಕ್ಕೂ ಕನಿಷ್ಠ ವಯಸ್ಸು. ಎರಡರಲ್ಲೂ ಅಳತೆಗೋಲು ನಮ್ಮ ಉಪಯೋಗ.

ಕುರ್ಬಾನಿಗೂ ವಯಸ್ಸಿನ ನಿಯಮವಿದೆಯಲ್ಲ ಎಂದು ಓದುಗರು ಕೇಳುತ್ತಾರೆ. ಇದೆ. ಆಡಿಗೆ ಒಂದು ವರ್ಷ, ದನ-ಎಮ್ಮೆಗೆ ಎರಡು, ಒಂಟೆಗೆ ಐದು ತುಂಬಿರಬೇಕು. ಕುರಿ ದಷ್ಟಪುಷ್ಟವಾಗಿದ್ದರೆ ಆರು ತಿಂಗಳು ಸಾಕು. ಇದು ಎಳೆಯದರ ಮೇಲಿನ ಕರುಣೆ ಎಂದು ಕೆಲವರು ಭಾಷಣಗಳಲ್ಲಿ ಹೇಳುವುದುಂಟು. ನಾನು ಅಷ್ಟು ದೂರ ಹೋಗಲಾರೆ. ಕುಂಟು, ಕುರುಡು, ರೋಗಿಷ್ಠ ಪ್ರಾಣಿಯೂ ಕುರ್ಬಾನಿಗೆ ಆಗದು ಎಂಬ ನಿಯಮ ಇದರ ಜೊತೆಯಲ್ಲೇ ಇದೆ. ಎರಡನ್ನೂ ಸೇರಿಸಿ ಓದಿದರೆ ದೇವರಿಗೆ ಕೊಡುವಾಗ ಅರೆಬರೆಯದನ್ನು ಕೊಡಬೇಡ ಎಂಬ ಅರ್ಥವೇ ಸರಿಯಾಗಿ ಹೊಂದುತ್ತದೆ. ಅದು ಕೊಡುವವನ ಪ್ರಾಮಾಣಿಕತೆಯ ನಿಯಮ. ಅದರಿಂದ ಎಳೆಯದಕ್ಕೆ ಒಂದಷ್ಟು ದಿನ ಹೆಚ್ಚು ಸಿಕ್ಕುವುದು ನಿಜ, ಸಿಗಲಿ.

ಎಳೆಯ ಬೇಟೆಯ ವಿಚಾರ ನೇರವಾಗಿ ಚರ್ಚೆಯಾಗಿರುವುದು ಇನ್ನೊಂದು ಕಡೆ, ಹಜ್ಜಿನ ಅಧ್ಯಾಯದಲ್ಲಿ. ಇಹ್ರಾಮ್ ಧರಿಸಿದವನು ನೆಲದ ಪ್ರಾಣಿಗಳನ್ನು ಬೇಟೆಯಾಡಬಾರದು. ಬೇಕೆಂದೇ ಕೊಂದರೆ, ಕೊಂದದ್ದಕ್ಕೆ ಸಮನಾದ ಜಾನುವಾರನ್ನು ಪರಿಹಾರವಾಗಿ ಕೊಡಬೇಕು, ಯಾವುದು ಸಮ ಎಂಬುದನ್ನು ಇಬ್ಬರು ನ್ಯಾಯವಂತರು ತೀರ್ಮಾನಿಸಬೇಕು ಎಂದು ಕುರ್‌ಆನಿನ ಅಲ್‌ಮಾಇದಾ ಅಧ್ಯಾಯ ಹೇಳುತ್ತದೆ. ಹಜ್ರತ್ ಉಮರ್ ಜಿಂಕೆಗೆ ಒಂದು ಆಡು, ಮೊಲಕ್ಕೆ ಆಡಿನ ಮರಿ ಎಂದು ತೀರ್ಪು ಕೊಟ್ಟದ್ದು ‘ಮುವತ್ತಾ’ದಲ್ಲಿ ದಾಖಲಾಗಿದೆ. ಸರಿ, ಕೊಂದದ್ದು ಎಳೆಯ ಜಿಂಕೆಯಾದರೆ? ಇಲ್ಲಿ ಇಮಾಮರು ಬೇರೆಬೇರೆಯಾಗುತ್ತಾರೆ. ಚಿಕ್ಕದಕ್ಕೆ ಚಿಕ್ಕದು, ದೊಡ್ಡದಕ್ಕೆ ದೊಡ್ಡದು ಎಂಬುದು ಇಮಾಮ್ ಶಾಫಿಈಯವರ ದಾರಿ. ಕೊಂದ ಜಾಗದಲ್ಲಿ ಆ ಪ್ರಾಣಿಗೆ ಏನು ಬೆಲೆ ಬರುತ್ತದೋ ಅದನ್ನು ಕಟ್ಟಿ ಕೊಡಿ ಎಂಬುದು ಇಮಾಮ್ ಅಬೂ ಹನೀಫಾರ ದಾರಿ. ಇಮಾಮ್ ಮಾಲಿಕ್ ಮಾತ್ರ, ಪರಿಹಾರದಲ್ಲಿ ಎಳೆಯದೂ ಬಲಿತದ್ದೂ ಒಂದೇ ಎಂದರು. ಅದಕ್ಕೆ ಅವರು ಕೊಟ್ಟ ಹೋಲಿಕೆ ಮನುಷ್ಯನದು: ಕೊಲೆಯಾದವನು ಮಗುವಾಗಲಿ ಮುದುಕನಾಗಲಿ, ರಕ್ತಪರಿಹಾರದಲ್ಲಿ ವ್ಯತ್ಯಾಸ ಮಾಡುತ್ತೀರಾ ಎಂಬಂತೆ.

ಕರಾವಳಿಯ ನಮ್ಮ ಬ್ಯಾರಿ ಬಂಧುಗಳು ಶಾಫಿಈ ಮದ್‌ಹಬಿನವರು, ನಾವು ಹಳೇ ಮೈಸೂರಿನವರು ಹೆಚ್ಚಾಗಿ ಹನಫಿಗಳು. ನಮಾಜಿನಲ್ಲಿ ನಾನು ಹನಫಿಯೇ. ಆದರೆ ಈ ಜಿಂಕೆಯ ವಿಷಯದಲ್ಲಿ ನನ್ನ ಮನಸ್ಸು ಇಮಾಮ್ ಮಾಲಿಕರ ಕಡೆಗೆ ವಾಲುತ್ತದೆ. ಇದನ್ನು ಫತ್ವಾ ಎಂದು ಯಾರೂ ತಿಳಿಯಬಾರದು. ನಾನು ಕಥೆಗಾರ, ಮುಫ್ತಿಯಲ್ಲ. ಶಾಫಿಈಯವರ ಮಾತಿನಲ್ಲಿ ಶರೀರದ ಅಳತೆಯಿದೆ, ಅಬೂ ಹನೀಫಾರ ಮಾತಿನಲ್ಲಿ ಪೇಟೆಯ ಅಳತೆಯಿದೆ. ಎರಡೂ ವ್ಯವಹಾರಕ್ಕೆ ಬೇಕಾದವೇ. ಮಾಲಿಕರು ಜೀವವನ್ನು ಒಂದು ಎಂದು ಎಣಿಸಿದರು. ಹಾಗೆ ಎಣಿಸಿದಾಗಲೇ ನಮ್ಮ ಎಳೆಗೊಂಬಿನ ಗಂಡು ಲೆಕ್ಕಕ್ಕೆ ಬರುತ್ತಾನೆ. ಯಾರದೋ ಮಗು ಎಂದಾಗಲಿ, ಮುಂದೆ ದೊಡ್ಡ ಕೊಂಬಿನವನಾಗುತ್ತಾನೆ ಎಂದಾಗಲಿ ಅವನಿಗೆ ಮರ್ಯಾದೆ ಕೊಡುವ ಅಗತ್ಯ ಬೀಳುವುದಿಲ್ಲ.

ಇದಕ್ಕೆ ಹೊಂದುವ ಇನ್ನೊಂದು ಹದೀಸ್ ನಸಾಈಯವರ ಸಂಗ್ರಹದಲ್ಲಿದೆ. ಯಾವ ಪ್ರಯೋಜನಕ್ಕೂ ಅಲ್ಲದೆ ಸುಮ್ಮನೆ ಮೋಜಿಗಾಗಿ ಕೊಲ್ಲಲ್ಪಟ್ಟ ಗುಬ್ಬಚ್ಚಿ ಕಿಯಾಮತ್ ದಿನ ದೇವರ ಮುಂದೆ ನಿಂತು ತನ್ನನ್ನು ಕೊಂದವನ ಮೇಲೆ ದೂರು ಕೊಡುತ್ತದೆ. ಈ ಹದೀಸಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಗುಬ್ಬಚ್ಚಿ ತಾನೇ ವಾದಿಯಾಗಿ ಬರುವ ಸಂಗತಿ. ಅದರ ತಾಯಿ ಬರುವುದಿಲ್ಲ, ಅದರ ಮರಿಗಳೂ ಬರುವುದಿಲ್ಲ. ತನ್ನ ವಯಸ್ಸಿನ ಬಗ್ಗೆ ಅದು ಮಾತಾಡುವುದಿಲ್ಲ. ಏತಕ್ಕಾಗಿ ಕೊಂದೆ ಎಂಬುದೊಂದೇ ಅದರ ಮೊಕದ್ದಮೆ. ಹದಿಮೂರನೇ ಶತಮಾನದಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ ನೆನಪಾಗುತ್ತದೆ. ಅಲ್ಲಿ ರಾಜ ಕೊಂದದ್ದು ಜೀವವಿಲ್ಲದ ಹಿಟ್ಟಿನ ಹುಂಜವನ್ನು. ಆದರೂ ಕೊಲ್ಲುವ ಸಂಕಲ್ಪವೇ ಅವನನ್ನು ಜನ್ಮಜನ್ಮಾಂತರಕ್ಕೆ ಅಟ್ಟಿತು. ಜೈನ ಕವಿ ಮಾಂಸಾಹಾರವನ್ನೇ ಒಪ್ಪದವನು, ಇಸ್ಲಾಂ ಒಪ್ಪುವ ಧರ್ಮ. ದಾರಿ ಬೇರೆಯಾದರೂ ಕೊಲ್ಲುವವನ ಮನಸ್ಸಿನಲ್ಲಿ ಏನಿತ್ತು ಎಂದು ಇಬ್ಬರೂ ಕೇಳುತ್ತಾರೆ.

ಆ ಪ್ರಶ್ನೆಯನ್ನೇ ಕಾನೂನು ಮಾಡಿದರೆ ಎಲ್ಲ ತಿರುಗಿಬೀಳುತ್ತದೆ. ಹಸಿದವನು ಎಳೆಯ ಗಂಡನ್ನು ಕೊಂದರೆ ಗುಬ್ಬಚ್ಚಿಯ ದೂರು ಅವನ ಮೇಲೆ ನಿಲ್ಲುವುದಿಲ್ಲ. ಗೋಡೆಗಾಗಿ ಕೊಂದವನು, ಹಲ್ಲುದುರಿದ ಮುದಿ ಜಿಂಕೆಯನ್ನು ಕೊಂದರೂ ನಿಲ್ಲುತ್ತದೆ. ವಯಸ್ಸಿನ ಗೆರೆಯನ್ನು ಚಾಚೂ ತಪ್ಪದೆ ಪಾಲಿಸಿದ ಶ್ರೀಮಂತ ಶಿಕಾರಿ ಅಪರಾಧಿ, ಪಾಲಿಸದ ಬಡವ ನಿರಪರಾಧಿ. ಆದರೆ ಮನಸ್ಸಿನ ಉದ್ದೇಶವನ್ನು ಫಾರೆಸ್ಟ್ ಗಾರ್ಡ್ ಅಳೆಯಲಾರ. ಕೊಂಬನ್ನು ಟೇಪು ಹಿಡಿದು ಅಳೆಯಬಲ್ಲ, ಕವಲುಗಳನ್ನು ಎಣಿಸಬಲ್ಲ. ಅಳೆಯಲು ಬರುವುದನ್ನೇ ಅಳೆಯುವುದು ಕಾನೂನಿನ ಹಣೆಬರಹ. ಅದಕ್ಕೇ, ಬೇಟೆಗೆ ಅವಕಾಶವಿರುವ ಕಡೆ ಎಳೆಯ ಗಂಡನ್ನು ಬಿಡಬೇಕು ಎಂಬ ನಿಯಮ ಇರಬೇಕೇ ಎಂದು ಕೇಳಿದರೆ ನಾನು ಇರಲಿ ಎನ್ನುತ್ತೇನೆ. ಕೊಂಬು ದೊಡ್ಡದಾಗಲಿ ಎಂಬ ಕಾರಣಕ್ಕಲ್ಲ. ಪೊದೆಯಲ್ಲಿ ಏನೋ ಅಲುಗಿದ ಕೂಡಲೇ ಕುದುರೆ ಎಳೆಯುವ ಬೆರಳನ್ನು ಅದು ಒಂದು ಕ್ಷಣ ತಡೆಯುತ್ತದೆ. ಗಂಡೋ ಹೆಣ್ಣೋ, ಎಳೆಯದೋ ಬಲಿತದ್ದೋ ಎಂದು ನೋಡಲೇಬೇಕಾಗುತ್ತದೆ. ನೋಡದೆ ಕೊಲ್ಲುವುದಕ್ಕಿಂತ ನೋಡಿ ಕೊಲ್ಲುವುದು ಕಷ್ಟ. ಬಲ್ಖದ ರಾಜಕುಮಾರ ಇಬ್ರಾಹೀಮ್ ಇಬ್ನ್ ಅದ್‌ಹಮ್ ಬೇಟೆಯ ಮಧ್ಯೆ ‘ನೀನು ಹುಟ್ಟಿದ್ದು ಇದಕ್ಕೇನಾ?’ ಎಂಬ ದನಿ ಕೇಳಿ ರಾಜ್ಯ ಬಿಟ್ಟ ಕಥೆ ಸೂಫಿಗಳಲ್ಲಿ ಪ್ರಸಿದ್ಧ. ಎಲ್ಲರಿಗೂ ಆ ದನಿ ಕೇಳುವುದಿಲ್ಲ. ಬೆರಳು ತಡೆದು ನೋಡುವ ಅಷ್ಟು ಹೊತ್ತಾದರೂ ಇದ್ದರೆ ಒಳ್ಳೆಯದು.

ಉದ್ದೇಶವನ್ನು ಅಳೆಯಲಾಗದ ಕಾನೂನು ನಮ್ಮ ಬೆಟ್ಟದಲ್ಲಿ ಮಾಡಿದ್ದೇನು ಎಂಬುದನ್ನೂ ಹೇಳಬೇಕು. 1972ರ ಕಾಯ್ದೆ, 1974ರಲ್ಲಿ ಬಿಳಿಗಿರಿ ಬೆಟ್ಟ ಅಭಯಾರಣ್ಯವಾದದ್ದು, ಇವೆರಡರಿಂದ ಸೋಲಿಗರ ಬೇಟೆಯೂ ನಿಂತಿತು, ಕಾಡು ಸುಟ್ಟು ರಾಗಿ ಬಿತ್ತುವ ಬೇಸಾಯವೂ ನಿಂತಿತು. ಗೆಣಸು ಅಗೆದು, ಜೇನು ಕಿತ್ತು, ಆಗೀಗ ಒಂದು ಪ್ರಾಣಿ ಹೊಡೆದು ಬದುಕಿದ್ದ ಜನ. ಬಿಳಿಗಿರಿರಂಗ ಅವರ ಹೆಣ್ಣನ್ನು ತಂದುಕೊಂಡ ಭಾವ ಎಂದು ನಂಬಿದವರು. ಅವರು ಯಾರೂ ವ್ಯಾನ್ ಇಂಗನ್ ಅಂಗಡಿಗೆ ತಲೆ ಕಳಿಸಿದವರಲ್ಲ. ಜೀಪಿನಲ್ಲಿ ಬಂದು ರಾತ್ರಿ ಸರ್ಚ್‌ಲೈಟ್ ಬಿಟ್ಟು ಹೊಡೆಯುವವನಿಗೂ, ಮನೆಯ ಪಾತ್ರೆಗಾಗಿ ಉರುಳು ಹಾಕಿದವನಿಗೂ ಕಾಯ್ದೆಯ ಪುಸ್ತಕದಲ್ಲಿ ಒಂದೇ ಹೆಸರು. ಮಹಾರಾಜರ, ದೊರೆಗಳ ಗುಂಡಿಗೆ ಕಾಡು ಖಾಲಿಯಾದ ಮೇಲೆ ನಿಷೇಧ ಬಂದು, ಅದರ ಬೆಲೆಯನ್ನು ತೆತ್ತವರು ಬೆಟ್ಟದ ಮೇಲಿನವರು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕುಗಳು ಸಿಕ್ಕವು. ಅದು ಜೇನು, ನೆಲ್ಲಿಕಾಯಿ, ಪಾಸೆಗಳ ಹಕ್ಕು, ಬೇಟೆ ಅದರಲ್ಲಿಲ್ಲ. ಇಷ್ಟು ಕಡಿಮೆ ಕಾಡು ಉಳಿದಿರುವಾಗ ಬೇಟೆಯನ್ನು ಮತ್ತೆ ತರಬೇಕೆಂದು ನಾನೂ ಕೇಳುವುದಿಲ್ಲ. ಹುಲಿಗೂ ಪಾಲು ಬೇಕು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ಮಾಡಿದ ಅಧ್ಯಯನದ ಪ್ರಕಾರ ಹುಲಿ ಕೊಲ್ಲುವ ಪ್ರಾಣಿಯ ಸರಾಸರಿ ತೂಕ 91.5 ಕಿಲೋ, ಕಾಡುನಾಯಿಯದು 43.4, ಚಿರತೆಯದು 37.6. ಅವುಗಳಿಗೆ ಯಾವ ಸೆಕ್ಷನ್ನೂ ಇಲ್ಲ, ಗೋಡೆಯೂ ಇಲ್ಲ.

ಆ ಹಳೆಯ ಸೆಕ್ಷನ್ ಹೋದರೂ ಕೊಲ್ಲುವ ಅನುಮತಿ ಪೂರ್ತಿ ಹೋಗಿಲ್ಲ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 11ನೇ ಸೆಕ್ಷನ್ ಇನ್ನೂ ಇದೆ. ಎರಡನೇ ಅನುಸೂಚಿಯ ಪ್ರಾಣಿ ಜೀವಕ್ಕೋ ಆಸ್ತಿಗೋ ಹೊಲದ ಬೆಳೆಗೋ ಅಪಾಯವಾದರೆ ಅದನ್ನು ಕೊಲ್ಲಲು ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ಅಲ್ಲಿ ಮರಿ, ಹೆಣ್ಣು, ಎಳೆಯದು ಎಂಬ ಭೇದದ ಮಾತಿಲ್ಲ. ಅದನ್ನು ಹೇಳುತ್ತಿದ್ದ ಸೆಕ್ಷನ್ ಹೋಗಿದೆ. ಕಾಡಂಚಿನ ರೈತರ ಕೂಗು ವರ್ಷದಿಂದ ವರ್ಷಕ್ಕೆ ಜೋರಾಗುತ್ತಿದೆ. ಗುಂಡ್ಲುಪೇಟೆಯ ಕಡೆ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂತು ಬೆಳೆ ಕಾಯುವವನಿಗೆ ಕರುಣೆಯ ಪಾಠ ಹೇಳಲು ನನಗೆ ಬಾಯಿ ಬರುವುದಿಲ್ಲ. ಅವನ ಕಾರಣ ಮೋಜಲ್ಲ.

ಪಕ್ಕದ ಕೇರಳ 2022ರಲ್ಲಿ ಕಾಡುಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯಿತಿ, ನಗರಸಭೆಗಳ ಅಧ್ಯಕ್ಷರಿಗೇ ಕೊಟ್ಟಿತು. ಕೊಂದದ್ದನ್ನು ತಿನ್ನುವಂತಿಲ್ಲ, ಹೂಳಬೇಕು. ಯಾರೂ ತಿನ್ನದಂತೆ ಸೀಮೆಎಣ್ಣೆ ಸುರಿದು ಹೂಳುತ್ತಾರೆಂಬ ವರದಿಗಳೂ ಬಂದವು. ಹಂದಿ ನಮಗೆ ಹರಾಮ್, ಆದ್ದರಿಂದ ಈ ಮಾತಿನಲ್ಲಿ ನನಗೆ ಸ್ವಾರ್ಥವಿಲ್ಲ. ತಿನ್ನಲು ಬಿಟ್ಟರೆ ಬೆಳೆಯ ನೆಪದಲ್ಲಿ ಮಾಂಸದ ವ್ಯಾಪಾರ ಶುರುವಾಗುತ್ತದೆ ಎಂಬ ಭಯವೂ ಸುಳ್ಳಲ್ಲ. ಆದರೂ ನಾಳೆ ಇದೇ ಬಗೆಯ ಚೀಟಿ ನಮ್ಮ ತಪ್ಪಲಿನಲ್ಲಿ ಜಿಂಕೆಗೆ ಬಂದರೆ, ಬೆಳೆಗೆ ನುಗ್ಗಿದ ಹಿಂಡಿನಲ್ಲಿ ಮೊದಲು ಸಿಕ್ಕಿಬೀಳುವವನು ಯಾರೆಂದು ಊಹಿಸಬಹುದು. ತಾಯಂದಿರು ಮರಿಗಳನ್ನು ಕಟ್ಟಿಕೊಂಡು ಅಂಚಿನಲ್ಲೇ ಇರುತ್ತಾರೆ, ಬಲಿತ ಗಂಡಿಗೆ ಎಚ್ಚರ ಹೆಚ್ಚು. ಇನ್ನೂ ಭಯ ಕಲಿಯದ ಎಳೆಗೊಂಬಿನವನು ಅವರೆ ಹೊಲದ ನಡುವೆ ನಿಂತಿರುತ್ತಾನೆ. ಚೀಟಿಯಲ್ಲಿ ಪ್ರಾಣಿಯ ಹೆಸರು, ಸರ್ವೆ ನಂಬರು, ತಾರೀಕು ಬರೆಯುತ್ತಾರೆ. ಕೊಂದ ಮೇಲೆ ಅವನ ಮಾಂಸ ಯಾವ ಹಸಿವಿಗೆ ಹೋಗುತ್ತದೆ ಎಂದು ಬರೆಯಲು ಅದರಲ್ಲಿ ಒಂದು ಸಾಲು ಬಿಡಿ ಎಂದು ನಾನು ಅರಣ್ಯ ಇಲಾಖೆಯವರನ್ನು ಕೇಳುತ್ತೇನೆ. ಆ ಸಾಲನ್ನು ಮೊದಲು ಬೆಟ್ಟದ ಪೋಡುಗಳಲ್ಲಿ ಕೇಳಿ ತುಂಬಿಸಲಿ.